ಬೀಗಣ್ಣನ ಮನೆಯ ಎರಡು ಓಟು

ಮತದಾನದ ದಿನ ಬೆಳಿಗ್ಗೆ, ಹೆಂಡತಿ ಬಚ್ಚಲಿನಲ್ಲಿ ಸ್ನಾನ ಮಾಡುತ್ತಿದ್ದಾಗ, ಬೀಗಣ್ಣ ಮನೆಗೆ ಹೊರಗಿನಿಂದ ಬೀಗ ಜಡಿದು ತಾನೊಬ್ಬನೇ ಓಟು ಹಾಕಲು ಹೋದ.

ಜಡಿದದ್ದು ಅಂತಿಂಥ ಬೀಗವಲ್ಲ. ಅವನಿಗೆ ಬೀಗಣ್ಣ ಎಂಬ ಹೆಸರು ತಂದುಕೊಟ್ಟ ಬೀಗ. ಮಾರುಕಟ್ಟೆ ಬೀದಿಯ ಮೂಲೆಯಲ್ಲಿ ಅವನದೊಂದು ಗೂಡಂಗಡಿ. ಕಳೆದುಹೋದ ಕೀಲಿಗೆ ಬದಲಿ ಕೀಲಿ ಮಾಡುವುದು, ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಕುಡಿಸುವುದು, ಬೀರು ತೆರೆಯದೆ ಕಂಗಾಲಾದವರ ಮನೆಗೆ ಹೋಗಿ ತೆರೆದುಕೊಟ್ಟು ಒಳಗೇನಿದೆ ಎಂದು ನೋಡದೆ ಬರುವುದು ಅವನ ಕಸುಬು. ಪ್ರಾಯದಲ್ಲಿದ್ದಾಗ ಹಿತ್ತಾಳೆಯನ್ನು ಅರದಿಂದ ಉಜ್ಜಿ ಉಜ್ಜಿ ಅಂಗೈ ಅಗಲದ ಒಂದು ಬೀಗ ಮಾಡಿದ್ದ. ಅದರ ಹೊಟ್ಟೆಯಲ್ಲಿ ಏಳು ಲಿವರು. ಕೀಲಿ ತಿರುಗಿದಾಗ ಏಳೂ ತಗಡುಗಳು ಒಂದೊಂದಾಗಿ ಮೇಲೇಳಬೇಕು. ಒಂದು ಮುನಿಸಿಕೊಂಡು ಕೂತರೂ ಬೀಗ ಬಾಯಿಬಿಡುವುದಿಲ್ಲ. ಅದನ್ನು ಅಂಗಡಿಯ ಮುಂದೆ ತೂಗುಹಾಕಿ, ‘ಕೀಲಿಯಿಲ್ಲದೆ ಇದನ್ನು ತೆಗೆದವನೇ ನನ್ನ ಗುರು’ ಎಂದು ಹಲಗೆ ಬರೆಸಿದ್ದ. ಇಷ್ಟು ವರ್ಷವಾದರೂ ಅವನಿಗೆ ಗುರು ಸಿಕ್ಕಿರಲಿಲ್ಲ. ಕಳ್ಳರು ಕೂಡ ಬಂದು ನೋಡಿ ಕೈಮುಗಿದು ಹೋಗಿದ್ದಾರೆ ಎಂಬ ಸುದ್ದಿ ಬೀದಿಯಲ್ಲಿತ್ತು. ಅದನ್ನು ಹಬ್ಬಿಸಿದವನು ಅವನೇ.

ಇಂಥ ಬೀಗವನ್ನು ಅಂಗಡಿಯಿಂದ ಇಳಿಸಿ ಹೆಂಡತಿಗೆ ಹಾಕುವ ಮಟ್ಟಕ್ಕೆ ಬೀಗಣ್ಣ ಬಂದದ್ದಕ್ಕೆ ಕಾರಣ ಒಂದು ಜಾಕೆಟ್ಟು.

ಊರಿನ ಬಿಸ್ಕತ್ತು ಫ್ಯಾಕ್ಟರಿಯ ಮಾಲೀಕರಾದ ಸಾಹೇಬರು ಏಣಿ ಗುರುತಿನಿಂದ ಚುನಾವಣೆಗೆ ನಿಂತಿದ್ದರು. ಪ್ರಚಾರಕ್ಕೆ ಬಂದವರು ಬೀಗಣ್ಣನ ಅಂಗಡಿಯ ಮುಂದೆ ನಿಂತು, ಆ ದೊಡ್ಡ ಬೀಗವನ್ನು ಕೈಯಲ್ಲಿ ತೂಗಿ ನೋಡಿ, ಅವನ ಹೆಗಲ ಮೇಲೆ ಕೈಯಿಟ್ಟು, “ಇವನು ನಮ್ಮವನು” ಎಂದುಬಿಟ್ಟರು. ಜೀವಮಾನವಿಡೀ ಜನರ ಬಾಗಿಲ ಹೊರಗೆ ಮಂಡಿಯೂರಿ ಕೂತವನಿಗೆ ಯಾರಾದರೂ ‘ನಮ್ಮವನು’ ಎಂದದ್ದು ಅದೇ ಮೊದಲು. ಮರುದಿನ ಏಜೆಂಟು ಬಂದು ಅವನನ್ನು ಪಕ್ಷದ ಬೀದಿ ಘಟಕದ ಜಂಟಿ ಉಪಸಂಚಾಲಕ ಎಂದು ಸಾರಿ, ಎದೆಯ ಮೇಲೆ ಏಣಿಯ ಚಿತ್ರವಿದ್ದ ನೀಲಿ ಜಾಕೆಟ್ಟು ತೊಡಿಸಿದ. ಜಂಟಿ ಯಾರ ಜೊತೆ, ಉಪ ಯಾರಿಗೆ, ಸಂಚಾಲನೆ ಯಾವುದರದ್ದು ಎಂದು ಬೀಗಣ್ಣ ಕೇಳಲಿಲ್ಲ. ಜಾಕೆಟ್ಟು ಹೆಗಲಿಗೆ ಸರಿಯಾಗಿ ಕೂತಿತ್ತು.

ಹೆಂಡತಿ ಮಾತ್ರ ಕೂರಲಿಲ್ಲ.

ಅವಳು ಅದೇ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುವವಳು. ಅಲ್ಲಿ ಪಾಳಿ ಶುರುವಾದ ಕೂಡಲೇ ಗೇಟಿಗೆ ಬೀಗ ಬೀಳುತ್ತದೆ, ಮುಗಿದ ಮೇಲೇ ತೆಗೆಯುತ್ತಾರೆ. ಹೆಂಗಸರು ಬಿಸ್ಕತ್ತು ಕದ್ದೊಯ್ಯದಿರಲಿ ಎಂದು. ಹೋದ ವರ್ಷ ಅವಳ ತಾಯಿ ಮನೆಯಲ್ಲಿ ಕಡೆಯ ಉಸಿರು ಎಳೆಯುತ್ತಿದ್ದಾಗ ಬೀಗಣ್ಣನೇ ಓಡಿಹೋಗಿ ಗೇಟಿನಲ್ಲಿ ನಿಂತ. ಕೀಲಿ ಮ್ಯಾನೇಜರ ಹತ್ತಿರವಿದೆ, ಮ್ಯಾನೇಜರು ಊಟಕ್ಕೆ ಹೋಗಿದ್ದಾರೆ ಎಂದ ಕಾವಲುಗಾರ. ಅದು ಸಾದಾ ಬೀಗ. ಬೀಗಣ್ಣನ ಹೆಗಲ ಚೀಲದಲ್ಲಿ ತಂತಿ, ಕೊಕ್ಕೆ ಎಲ್ಲ ಇದ್ದವು. ಆದರೆ ದೊಡ್ಡವರ ಗೇಟು. ಅವನು ವಿನಯದಿಂದ ಕಾದ. ಮ್ಯಾನೇಜರು ಕೈ ತೊಳೆದು, ಬಾಯಿ ಒರೆಸಿ ಬರುವಷ್ಟರಲ್ಲಿ ಪಾಳಿಯೂ ಮುಗಿದಿತ್ತು, ಅತ್ತೆಯ ಉಸಿರೂ ನಿಂತಿತ್ತು.

ಈ ಸಲ ಸಾಹೇಬರ ಎದುರು ಬಕೆಟ್ ಗುರುತಿನಿಂದ ನಿಂತಿದ್ದವರು ಸರ್ಕಾರಿ ಆಸ್ಪತ್ರೆಯ ನಿವೃತ್ತ ನರ್ಸಮ್ಮ. ಅವರಿಗೆ ಭಾಷಣ ಮಾಡಲು ಬರುತ್ತಿರಲಿಲ್ಲ. ಹೋದಲ್ಲೆಲ್ಲ ಒಂದೇ ಮಾತು: ಕೆಲಸ ನಡೆಯುವಾಗ ಯಾವ ಗೇಟಿಗೂ ಬೀಗ ಇರಬಾರದು. ಬೀಗಣ್ಣನ ಹೆಂಡತಿಗೆ ಅಷ್ಟು ಸಾಕಾಯಿತು.

ಹೀಗೆ ಒಂದೇ ಕೋಣೆ, ಒಂದು ಅಡುಗೆಮೂಲೆಯ ಮನೆಯಲ್ಲಿ ಎರಡು ಪಕ್ಷಗಳು ಸಂಸಾರ ಹೂಡಿದವು. ಅವನು ಬಾಗಿಲಿನ ಹೊರಮೈಗೆ ಏಣಿಯ ಚೀಟಿ ಅಂಟಿಸಿದ. ಅವಳು ಒಳಮೈಗೆ ಬಕೆಟ್ಟಿನದು ಅಂಟಿಸಿದಳು. ಇದ್ದ ಒಂದು ಟೀವಿಗೆ ಜಗಳವಾಗಿ, ಚಿತ್ರ ಅವಳಿಗೆ, ಧ್ವನಿ ಅವನ ರೇಡಿಯೋಗೆ ಎಂದು ಒಪ್ಪಂದವಾಯಿತು. ಅಂದಿನಿಂದ ಪರದೆಯ ಮೇಲೆ ನರ್ಸಮ್ಮ ಬಾಯಿ ಆಡಿಸಿದರೆ ಸಾಹೇಬರ ಗಡಸು ದನಿ ಕೇಳಿಸುತ್ತಿತ್ತು, ನರ್ಸಮ್ಮ ಬಿಸ್ಕತ್ತು ಉದ್ಯಮದ ಪ್ರಗತಿಯನ್ನು ಕೊಂಡಾಡುತ್ತಿದ್ದರು. ಬಾಡಿಗೆ ಕೇಳಲು ಬಂದ ಮನೆಯೊಡೆಯ ಅದನ್ನು ನೋಡಿ, ಯಾರಿಗೆ ಓಟು ಹಾಕಬೇಕೆಂದು ತಿಳಿಯದೆ ತಲೆ ಕೆರೆದುಕೊಂಡು ಹೋದ.

“ಸಾಹೇಬರ ಸ್ವಂತ ತಮ್ಮನ ಹಾಗೆ ಓಡಾಡ್ತಿದ್ದೀರಿ,” ಎಂದಿದ್ದಳು ಒಂದು ಸಂಜೆ, ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು. “ಬಕೆಟ್ ಗುರುತು ನಮ್ದು, ಹಿಡಿಯೋ ಕೆಲಸ ನಿಮ್ದು.”

“ಗಂಡ ಅನ್ನೋ ಮರ್ಯಾದೆ ಬೇಡ್ವಾ ನಿಂಗೆ?”

“ಗಂಡಂಗೆ ಮರ್ಯಾದೆ ಕೊಡ್ತೀನಿ. ಜಾಕೆಟ್ಟಿಗೆ ಯಾಕೆ ಕೊಡ್ಲಿ?”

ಅದಾದ ಮೇಲೆ ಅವನು ಗೋಡೆಯ ಜೊತೆ ಮಾತಾಡತೊಡಗಿದ. “ಊಟಕ್ಕೆ ಉಪ್ಪು ಕಡಿಮೆ” ಎಂದು ಗೋಡೆಗೆ ಹೇಳುತ್ತಿದ್ದ. ಅವಳು ಉಪ್ಪನ್ನು ಗೋಡೆಯ ಪಕ್ಕ ಇಡುತ್ತಿದ್ದಳು. ಬೀದಿಯ ಮದುವೆಗಳಲ್ಲೆಲ್ಲ ಅನ್ಯೋನ್ಯವಾದದ್ದು ಎಂದು ಹೆಸರಾಗಿದ್ದ ಮದುವೆ ಅದು.

ಮತದಾನದ ಹಿಂದಿನ ದಿನ ಏಜೆಂಟು ಅಂಗಡಿಗೆ ಬಂದ.

“ನಿಮ್ಮನೇಲಿ ಎರಡು ಓಟು ಗ್ಯಾರಂಟಿ ಅಂದಿದ್ಯಲ್ಲ ಬೀಗಣ್ಣ?”

“ಗ್ಯಾರಂಟಿ ಸಾರ್.”

“ಮನೆಯವರು ಬಕೆಟ್ಟು ಅಂತ ಕೇಳ್ದೆ.”

“ಬಾಯಲ್ಲಿ ಹಂಗಂತಾಳೆ ಸಾರ್. ಬೂತಿಗೆ ಹೋದ್ಮೇಲೆ ಸರಿ ಹೋಗ್ತಾಳೆ.”

“ಸರಿ ಹೋಗ್ಲಿಲ್ಲ ಅನ್ನು. ಲೆಕ್ಕ ಹಾಕು. ನಿಂದು ಏಣಿಗೆ ಒಂದು. ಅವರದ್ದು ಬಕೆಟ್ಟಿಗೆ ಒಂದು. ಕಳೆದ್ರೆ ಎಷ್ಟು?”

ಬೀಗಣ್ಣ ಬೆರಳು ಮಡಿಸಿ ನೋಡಿದ. “ಸೊನ್ನೆ ಸಾರ್.”

“ಹಾಂ. ಸೊನ್ನೆಗೆ ನಾವು ಜಾಕೆಟ್ಟು ಹೊಲಿಸಿಕೊಟ್ಟಿದ್ದೀವಿ,” ಎಂದು ಏಜೆಂಟು ಎದ್ದುಹೋದ.

ಮನುಷ್ಯನಿಗೆ ಏನು ಬೇಕಾದರೂ ಅನ್ನಬಹುದು, ಸೊನ್ನೆ ಅನ್ನಬಾರದು. ಆ ಸಂಜೆ ಬೀಗಣ್ಣ ದೊಡ್ಡ ಬೀಗವನ್ನು ಅಂಗಡಿಯಿಂದ ಇಳಿಸಿ, ಎಣ್ಣೆ ಹಾಕಿ, ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದ. ಅವನ ಯೋಜನೆ ಸರಳವಾಗಿತ್ತು. ಸಂಜೆ ಆರಕ್ಕೆ ಮತದಾನ ಮುಗಿಯುತ್ತದೆ. ಆಮೇಲೆ ಬಂದು ಬಾಗಿಲು ತೆಗೆದು, ಹಣೆ ಚಚ್ಚಿಕೊಂಡು, ‘ಅಯ್ಯೋ, ಮರೆತೇಬಿಟ್ಟೆ’ ಅನ್ನುವುದು. ಹಣೆ ಚಚ್ಚಿಕೊಳ್ಳುವುದನ್ನು ಅಂಗಡಿಯ ಕನ್ನಡಿಯ ಮುಂದೆ ಅಭ್ಯಾಸವೂ ಮಾಡಿದ್ದ.

ಮತಗಟ್ಟೆ ಶಾಲೆಯ ಕಟ್ಟಡದಲ್ಲಿತ್ತು. ನೂರು ಮೀಟರಿನ ಸುಣ್ಣದ ಗೆರೆಯ ಹತ್ತಿರ ನಿಂತಿದ್ದ ಪೇದೆ ಅವನ ಎದೆಗೆ ಲಾಠಿ ತೋರಿಸಿದ.

“ಜಾಕೆಟ್ ತೆಗೀರಿ.”

“ನಾನು ಜಂಟಿ ಉಪಸಂಚಾಲಕ.”

“ಗೆರೆಯಿಂದ ಆಚೆ ಏನಾದ್ರೂ ಆಗಿರಿ. ಈಚೆ ಗುರುತು ಇರೋ ಬಟ್ಟೆ ಬರಂಗಿಲ್ಲ.”

ಪ್ರಜಾಪ್ರಭುತ್ವವು ಆ ಸುಣ್ಣದ ಗೆರೆಯೊಳಗೆ ಬಹಳ ಶುದ್ಧವಾಗಿತ್ತು. ಬೀಗಣ್ಣ ಜಾಕೆಟ್ಟು ಕಳಚಿ ಏಜೆಂಟನ ಕೈಗೆ ಕೊಟ್ಟು ಒಳಗೆ ಹೋಗಿ ಓಟು ಹಾಕಿ, ಶಾಯಿ ಬಿದ್ದ ಬೆರಳನ್ನು ಊದಿಕೊಳ್ಳುತ್ತ ಹೊರಗೆ ಬಂದ. ಜಾಕೆಟ್ಟು ಇರಲಿಲ್ಲ. ಪಕ್ಷದಲ್ಲಿ ಜಾಕೆಟ್ಟುಗಳಿಗಿಂತ ಉಪಸಂಚಾಲಕರ ಸಂಖ್ಯೆಯೇ ಹೆಚ್ಚು. ಹಾಗಾಗಿ ಇಲ್ಲಿ ಓಟು ಮುಗಿಸಿದವರ ಜಾಕೆಟ್ಟುಗಳನ್ನು ವ್ಯಾನಿಗೆ ತುಂಬಿ ಮುಂದಿನ ಬೂತಿಗೆ ಸಾಗಿಸಿದ್ದರು. ಹೋದರೆ ಹೋಗಲಿ ಎಂದುಕೊಂಡು ಬೀಗಣ್ಣ ಮರದ ನೆರಳಿನಲ್ಲಿ ಕೂತ. ಜಾಕೆಟ್ಟಿನ ಒಳಜೇಬಿನಲ್ಲಿ ಬೀಗದ ಕೀಲಿ ಇತ್ತೆಂಬುದು ಅವನಿಗೆ ಹೊಳೆದದ್ದು, ಬೀದಿಯ ಇಸ್ತ್ರಿಯವಳು ಏದುಸಿರು ಬಿಡುತ್ತ ಓಡಿಬಂದಾಗ.

“ಏನ್ ಬೀಗಣ್ಣ, ನಿಮ್ಮನೆಯವರನ್ನ ಓಟಿಗೆ ಕರ್ಕೊಂಡು ಹೋಗೋಣ ಅಂತ ಹೋದ್ರೆ ಅವರು ಒಳಗವ್ರೆ, ಬೀಗ ಹೊರಗೈತೆ. ಇದೇನಿದು?”

ಬೀಗಣ್ಣ ಸೊಂಟ ತಡವಿದ, ಎದೆ ತಡವಿದ. ಬರೀ ಅಂಗಿ. ಅವನ ಮುಖ ಹಿಂಡಿದ ಬಟ್ಟೆಯ ಹಾಗಾಯಿತು.

ಮನೆಯ ಮುಂದೆ ಆಗಲೇ ಬೀದಿ ನೆರೆದಿತ್ತು. ರಜೆಯ ದಿನ, ಅಂಗಡಿಗಳು ಮುಚ್ಚಿವೆ, ಜನಕ್ಕೆ ಒಂದು ಕೆಲಸ ಬೇಕಿತ್ತು. ಹೆಂಡತಿ ಕಿಟಕಿಯ ಸರಳುಗಳ ಹಿಂದೆ ಒದ್ದೆ ಕೂದಲಲ್ಲಿ, ಇಸ್ತ್ರಿ ಮಾಡಿಸಿಟ್ಟುಕೊಂಡಿದ್ದ ಬಟ್ಟೆ ಉಟ್ಟು, ಗುರುತಿನ ಚೀಟಿ ಹಿಡಿದು ನಿಂತಿದ್ದಳು. ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿ, “ಏನಪ್ಪ ಇದು, ಹೆಂಡತಿಯನ್ನು ಒಳಗೆ ಹಾಕಿ ಬೀಗ ಹಾಕ್ಕೊಂಡು ಹೋಗಿದ್ದೀಯಲ್ಲ?” ಎಂದರು.

ಬೀಗಣ್ಣ ಹಣೆ ಚಚ್ಚಿಕೊಳ್ಳಲು ಕೈ ಎತ್ತಿದ. ಅಷ್ಟರಲ್ಲಿ ಕಿಟಕಿಯಿಂದಲೇ ಮಾತು ಬಂತು.

“ಮರೆತಿರ್ಬೇಕು ಬಿಡಿ ಮೇಷ್ಟ್ರೆ. ಓಟಿನ ಗಡಿಬಿಡಿ. ಬೆಳಿಗ್ಗೆ ಎದ್ದಾಗ್ಲಿಂದ ಅವರ ತಲೆ ಅವರ ಹತ್ರ ಇರ್ಲಿಲ್ಲ.”

ಎತ್ತಿದ ಕೈ ಹಾಗೇ ನಿಂತಿತು. ತಾನು ಹೇಳಬೇಕಾಗಿದ್ದ ಸುಳ್ಳನ್ನು ಅವಳು ತಾನಾಗಿಯೇ ಹೇಳಿಬಿಟ್ಟಿದ್ದಳು. ಬೀದಿಯ ಮುಂದೆ ಗಂಡ ತಲೆ ತಗ್ಗಿಸಬಾರದು ಎಂದು ಹೇಳಿದಳೋ, ನಿಜವಾಗಿಯೂ ನಂಬಿದಳೋ, ಅವನಿಗೆ ಗೊತ್ತಾಗಲಿಲ್ಲ. ಅವಳು ಸರಳಿನೊಳಗಿಂದ ಕೈ ಚಾಚಿದಳು. “ಕೀಲಿ ಕೊಡ್ರೀ. ಹೊತ್ತಾಗ್ತಿದೆ.”

“ಕೀಲಿ ಜಾಕೆಟ್ಟಲ್ಲಿದೆ.”

“ಜಾಕೆಟ್ಟು?”

“ವ್ಯಾನಲ್ಲಿ.”

“ವ್ಯಾನು?”

ಬೀಗಣ್ಣ ಬೀದಿಯ ಎರಡೂ ಕಡೆ ನೋಡಿದ.

“ಪಾಪ,” ಎಂದಿತು ಬೀದಿ ಒಕ್ಕೊರಲಿನಿಂದ. ಹೆಂಡತಿಯನ್ನು ಮರೆತ, ಕೀಲಿಯನ್ನು ಮರೆತ, ಜಾಕೆಟ್ಟನ್ನೂ ಮರೆತ. ಒಂದು ಮರೆವಾದರೆ ಬೈಯಬಹುದು, ಇಷ್ಟಾದರೆ ಕಾಯಿಲೆಯೇ ಇರಬೇಕು. ಒಳಗೆ ಸಿಕ್ಕಿಕೊಂಡವಳನ್ನು ಬಿಟ್ಟು ಎಲ್ಲರ ಕರುಣೆಯೂ ಹೊರಗೆ ನಿಂತವನ ಕಡೆ ತಿರುಗಿತು. ಯಾರೋ ಕುರ್ಚಿ ತಂದು ಕೂರಿಸಿದರು. ಯಾರೋ ನೆತ್ತಿಗೆ ಎಣ್ಣೆ ಒತ್ತಿದರು. ಮೇಷ್ಟ್ರು ಎದುರಿಗೆ ಕೂತು ಪರೀಕ್ಷೆ ಶುರು ಮಾಡಿದರು.

“ನನ್ನನ್ನು ನೋಡು. ನಾನು ಯಾರು?”

“ಮೇಷ್ಟ್ರು.”

“ಹೆಸರು?”

ಬೀಗಣ್ಣ ತಬ್ಬಿಬ್ಬಾದ. ಮೇಷ್ಟ್ರ ಹೆಸರು ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆದರೂ ಎಲ್ಲರೂ ಮುಖ ಮುಖ ನೋಡಿಕೊಂಡು ತಲೆಯಾಡಿಸಿದರು.

ಪಕ್ಕದ ಬೀದಿಯಿಂದ ಅವನ ಅಕ್ಕ ಬಂದಳು. ಬರುವಾಗಲೇ ಅಳುತ್ತ ಬಂದಳು. “ನಮ್ಮಪ್ಪಂಗೂ ಹಿಂಗೇ ಶುರುವಾಗಿದ್ದು ಕಣೋ. ಮೊದ್ಲು ಚಪ್ಪಲಿ ಮರೆತ್ರು, ಆಮೇಲೆ ಅಮ್ಮನ್ನ ಮರೆತ್ರು.” ಅಪ್ಪ ಅಮ್ಮನನ್ನು ಮರೆತದ್ದು ಬೇರೆ ಊರಿನ ಇನ್ನೊಬ್ಬಳ ಮನೆಯಲ್ಲಿ ಎಂಬುದು ಅಕ್ಕನಿಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು. ಅದು ಮಾತಾಡುವ ಹೊತ್ತಾಗಿರಲಿಲ್ಲ. ಅಕ್ಕ ಕಿಟಕಿಯ ಕಡೆ ತಿರುಗಿ ಅತ್ತೆ ಸೊಸೆಗೆ ಹೇಳುವಂತೆ ಹೇಳಿದಳು: “ನೀನು ಓಟು ಓಟು ಅಂತ ಇವನ ತಲೆ ತಿಂದೇ ಹೀಗಾಗಿದ್ದು.”

“ಬೀಗ ಹಾಕಿದ್ದು ನಾನಲ್ಲ ಅತ್ತಿಗೆ,” ಎಂದಳು ಒಳಗಿದ್ದವಳು.

“ಕಾಯಿಲೆ ಇರೋ ಮನುಷ್ಯ ಹಾಕ್ದ. ನಿಂಗೇನು, ತಂಪಾಗಿ ಒಳಗೆ ಕೂತಿದ್ದೀಯ.”

ಬಾಗಿಲು ಒಡೆಯುವ ಮಾತೂ ಬಂತು. ಅದು ಕಬ್ಬಿಣದ ಬಾಗಿಲು. ಕಳ್ಳರ ಭಯಕ್ಕೆ ಬೀಗಣ್ಣನೇ ನಿಂತು ಮಾಡಿಸಿದ್ದು. ವೆಲ್ಡಿಂಗ್ ಅಂಗಡಿಯವನು ಓಟು ಹಾಕಲು ತನ್ನ ಊರಿಗೆ ಹೋಗಿದ್ದ. ನರ್ಸಮ್ಮನ ಕಡೆಯ ಹುಡುಗಿಯರು ಎಲ್ಲಿಂದಲೋ ಸುತ್ತಿಗೆ ತಂದು ಬೀಗಕ್ಕೆ ಬಾರಿಸಿದರು. ಮೂರನೇ ಏಟಿಗೆ ಸುತ್ತಿಗೆಯ ತಲೆ ಕಳಚಿ ಹಾರಿ ಮೇಷ್ಟ್ರ ಹೂಕುಂಡ ಒಡೆಯಿತು. ಬೀಗದ ಮೈಮೇಲೆ ಗೀರು ಕೂಡ ಇಲ್ಲ. ಬೀಗಣ್ಣನ ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಮೂಡಿತು. ಕಿಟಕಿಯಲ್ಲಿದ್ದವಳು ಅದನ್ನು ನೋಡಿದಳು.

ಅಷ್ಟು ಹೊತ್ತಿಗೆ ಸುದ್ದಿ ಹೋಗಿ ಚುನಾವಣಾಧಿಕಾರಿ ಜೀಪಿನಲ್ಲಿ ಬಂದರು. ಬೂತಿನ ಪೇದೆಯೂ ಹಿಂದೆ ಇಳಿದ. ಅಧಿಕಾರಿ ಬೀಗವನ್ನು, ಬಾಗಿಲನ್ನು, ಬಾಗಿಲ ಮೇಲಿನ ಏಣಿಯನ್ನು ನೋಡಿ ಬೆವರು ಒರೆಸಿಕೊಂಡರು.

“ಮತದಾರರನ್ನ ತಡೆದಿದ್ದಾರೆ ಅಂತ ದೂರು ಬಂದಿದೆ. ಯಾರು ತಡೆದವರು?”

ಬೀದಿಯೆಲ್ಲ ಬೀಗಣ್ಣನ ಕಡೆ ಕೈ ತೋರಿಸಿ, “ಪಾಪ, ಮರೆವಿನ ಕಾಯಿಲೆ ಸಾರ್,” ಎಂದಿತು.

ಅಧಿಕಾರಿ ಬಗ್ಗಿ, ಅವನ ಕಿವಿಯ ಹತ್ತಿರ ಬಾಯಿ ತಂದು, ದೊಡ್ಡ ದನಿಯಲ್ಲಿ ಬಿಡಿಸಿ ಬಿಡಿಸಿ ಕೇಳಿದರು. “ಇದು. ನಿಮ್ಮ. ಮನೆಯಾ?”

ಹೌದು ಎಂದರೆ ನೆನಪಿದ್ದಂತಾಗುತ್ತದೆ, ಇಲ್ಲ ಎಂದರೆ ಮನೆ ಹೋಗುತ್ತದೆ. ಬೀಗಣ್ಣ ಯೋಚಿಸಿ, “ಇರಬಹುದು ಸಾರ್,” ಎಂದ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಳು.

ಅಧಿಕಾರಿ ಕಿಟಕಿಯ ಕಡೆ ತಿರುಗಿದರು. “ನೀವು ಹೇಳಿಯಮ್ಮ. ಬೇಕು ಅಂತ ಬೀಗ ಹಾಕಿದ್ರಾ?”

ಅವಳು ಗಂಡನನ್ನು ನೋಡಿದಳು. ನೆತ್ತಿಯಿಂದ ಎಣ್ಣೆ ಇಳಿದು ಅವನ ಕಿವಿಯ ಮೇಲೆ ಹೊಳೆಯುತ್ತಿತ್ತು.

“ಮರೆತಿರ್ತಾರೆ ಸಾರ್. ಬಾಗಿಲು ತೆಗೆಸಿಕೊಡಿ, ನಾನು ಓಟು ಹಾಕಿ ಬರ್ತೀನಿ, ಅಷ್ಟು ಸಾಕು.”

“ತೆಗೆಸೋದು ನನ್ನ ವ್ಯಾಪ್ತಿಗೆ ಬರಲ್ಲಮ್ಮ. ಬೂತಿನ ಬಾಗಿಲು ನಂದು, ಮನೆ ಬಾಗಿಲು ನಿಮ್ದು. ಆರು ಗಂಟೆ ಒಳಗೆ ಬಂದರೆ ಹಾಕಬಹುದು.” ಪೇದೆಯನ್ನು ಅಲ್ಲೇ ಇರಲು ಹೇಳಿ ಅವರು ಜೀಪು ಹತ್ತಿದರು. ಮರೆವು ಅಪರಾಧವಲ್ಲವಾದ್ದರಿಂದ ಅವರ ಮನಸ್ಸು ಹಗುರವಾಗಿತ್ತು.

ಬೂತಿನಿಂದ ಹಿಂದೆಯೇ ಬಂದಿದ್ದ ಏಜೆಂಟು ಫೋನಿನಲ್ಲಿ ಕೂಗಾಡುತ್ತ, “ವ್ಯಾನು ಬರ್ತಾ ಇದೆ, ಬರ್ತಾ ಇದೆ,” ಎನ್ನುತ್ತಲೇ ಇದ್ದ. ಬಿಸಿಲು ಇಳಿಮುಖವಾಯಿತು, ವ್ಯಾನು ಬರಲಿಲ್ಲ. ಕೊನೆಗೆ ಇಸ್ತ್ರಿಯವಳು ಸೊಂಟಕ್ಕೆ ಕೈಕೊಟ್ಟು ಬೀಗಣ್ಣನ ಮುಂದೆ ನಿಂತಳು.

“ಊರಿನ ಬೀಗ ಎಲ್ಲ ತೆಗೀತೀಯ. ನಿಂದು ನೀನೇ ತೆಗೀಬಾರ್ದಾ? ಕೈ ಏನು ಮರೆತಿಲ್ವಲ್ಲ?”

ಬೀದಿ ಹೌದಲ್ಲ ಎಂದಿತು. ಬೀಗಣ್ಣ ಇಕ್ಕಟ್ಟಿಗೆ ಬಿದ್ದ. ತೆಗೆದರೆ, ಯಾರಿಂದಲೂ ತೆಗೆಯಲಾಗದ ಬೀಗ ಎಂಬ ಹೆಸರು ಹೋಯಿತು. ತೆಗೆಯದಿದ್ದರೆ, ಯಾವ ಬೀಗವನ್ನಾದರೂ ತೆಗೆಯುವವನು ಎಂಬ ಹೆಸರು ಹೋಯಿತು. ಆದರೆ ಇಸ್ತ್ರಿಯವಳು ಆಗಲೇ ಅವನ ಚೀಲ ತಂದು ಬಾಗಿಲ ಮುಂದೆ ಇಟ್ಟಿದ್ದಳು. ಅವನು ಮಂಡಿಯೂರಿದ. ತನ್ನ ಮನೆಯ ಬಾಗಿಲ ಮುಂದೆ ಹಾಗೆ ಕೂತದ್ದು ಅದೇ ಮೊದಲು.

ಕೆಲಸ ಶುರುವಾದ ಮೇಲೆ ಜನ ಸುಮ್ಮನಾದರು. ಕೊಕ್ಕೆಯೊಂದನ್ನು ಒಳಗೆ ತೂರಿಸಿ, ಕಣ್ಣು ಮುಚ್ಚಿ, ತಾನೇ ಬಲಿಷ್ಠವಾಗಿ ಕಟ್ಟಿದ ಬೀಗದ ಹೊಟ್ಟೆಯನ್ನು ಅವನು ತಡಕತೊಡಗಿದ. ಪ್ರಾಯದಲ್ಲಿ ಮಾಡಿದ ಚಾಲಾಕಿಗಳೆಲ್ಲ ಈಗ ಅವನ ಬೆರಳಿಗೇ ಅಡ್ಡ ಬಂದವು. ಮೊದಲ ಲಿವರು ಎದ್ದಿತು. ಎರಡನೆಯದು ಜಾರಿತು. ಮತ್ತೆ ಮೊದಲಿನಿಂದ. ಹೆಂಡತಿ ಕಿಟಕಿ ಬಿಟ್ಟು ಬಂದು ಬಾಗಿಲ ಆ ಕಡೆ ನೆಲದ ಮೇಲೆ ಕೂತಿದ್ದಳು. ಬಾಗಿಲ ಕೆಳಗಿನ ಸಂದಿನಲ್ಲಿ ಅವಳ ಬಟ್ಟೆಯ ಅಂಚು ಕಾಣುತ್ತಿತ್ತು.

“ಕೊಕ್ಕೆ ಜಾರ್ತಿದೆಯೇನ್ರೀ?” ಎಂದಳು ಮೆಲ್ಲಗೆ.

ಗೋಡೆಗೆ ಹೇಳುವ ಅಭ್ಯಾಸವಾದವನಿಗೆ ಬಾಗಿಲಿಗೆ ಉತ್ತರ ಕೊಡುವುದು ಕಷ್ಟವಾಗಲಿಲ್ಲ. “ಹೂಂ. ಸ್ವಲ್ಪ.”

“ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?”

“ಇಲ್ಲ.”

ಅವಳು ಎದ್ದಳು. ಒಳಗೆ ಪಾತ್ರೆಯ ಸದ್ದಾಯಿತು. ಕಿಟಕಿಯ ಸರಳಿನ ನಡುವಿನಿಂದ ಒಂದು ಲೋಟ ಚಹಾ, ಎರಡು ತುಂಡು ಬ್ರೆಡ್ಡು ಹೊರಗೆ ಬಂದವು. ಬೀಗಣ್ಣ ನಿಂತುಕೊಂಡೇ ತಿಂದ. ಬೀದಿಯ ಹೆಂಗಸರು ಬೇರೆ ಕಡೆ ನೋಡಿದರು. ಅವನು ಮತ್ತೆ ಕೂತ, ಅವಳೂ ಕೂತಳು.

“ನಿಮ್ಮ ಮೇಲಿನ ಸಿಟ್ಟಿಗೆ ನಾನು ಬಕೆಟ್ಟು ಅಂತಿಲ್ಲ ಕಣ್ರೀ.”

ಅವನು ಕೊಕ್ಕೆ ತಿರುಗಿಸಿದ. ಮೂರನೆಯದು ಎದ್ದಿತು.

“ಅವತ್ತು ಅಮ್ಮ ಹೋದ ದಿನ ನಾನು ಒಳಗಿಂದ ಗೇಟಿನ ಹತ್ರಾನೇ ನಿಂತಿದ್ದೆ. ನೀವು ಆ ಕಡೆ ನಿಂತಿದ್ರಲ್ಲ, ನಿಮ್ಮ ಕಾಲು ಕಾಣ್ತಿತ್ತು ಸಂದಿನಲ್ಲಿ. ಆ ಗೇಟು ತೆಗೀಲಿ ಅಂತ ಒಂದು ಓಟು ಹಾಕ್ಬೇಕು ಅಂತ ಆಸೆ. ಗೆಲ್ತಾರೋ ಬಿಡ್ತಾರೋ. ಹಾಕ್ದೆ ಅನ್ನೋದೊಂದು ಇರ್ಬೇಕು ನಂಗೆ.”

“ನಂಗೆ ಗೊತ್ತಿರ್ಲಿಲ್ಲ.”

“ನೀವು ಗೋಡೆ ಜೊತೆ ಮಾತಾಡ್ತಿದ್ರಿ, ನಾನು ಯಾವಾಗ ಹೇಳ್ಲಿ?”

ಬಾಗಿಲ ಎರಡೂ ಕಡೆ ಸಣ್ಣಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಗಂಡಹೆಂಡತಿ ಕೂತು ಮಾತಾಡಿದ್ದು ಹಾಗೆ, ನಡುವೆ ಒಂದು ಕಬ್ಬಿಣದ ಬಾಗಿಲಿಟ್ಟುಕೊಂಡು. ನಾಲ್ಕನೆಯದು, ಐದನೆಯದು ಎದ್ದವು. ಕೊಕ್ಕೆ ಈಗ ಜಾರುತ್ತಿರಲಿಲ್ಲ. ಪೇದೆ ಗಡಿಯಾರ ನೋಡಿ, “ಇನ್ನೂ ಹೊತ್ತಿದೆ, ಬೂತು ಇಲ್ಲೇ ಪಕ್ಕದಲ್ಲಿ. ಓಡಿದ್ರೆ ಆಗುತ್ತೆ,” ಎಂದ. ಇಸ್ತ್ರಿಯವಳು ಓಡಲು ಸಿದ್ಧವಾಗಿ ಚಪ್ಪಲಿ ಕೈಗೆತ್ತಿಕೊಂಡಳು. ಆರನೆಯದೂ ಎದ್ದಿತು.

ಆಗ ಏಜೆಂಟು ಬಂದು ಅವನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಸಹಾಯ ಮಾಡುವವನಂತೆ ಬಗ್ಗಿ, ಕಿವಿಯಲ್ಲಿ ಹೇಳಿದ.

“ಭಾರಿ ಬುದ್ಧಿವಂತ ಕಣಯ್ಯ ನೀನು. ಬೀಗ ಹಾಕಿದ್ದೂ ಹಾಕ್ದೆ, ಮರೆವು ಅಂತ ಹೆಂಡತಿ ಬಾಯಲ್ಲೇ ಹೇಳಿಸ್ದೆ.”

“ಸಾರ್, ವ್ಯಾನು...”

“ಯಾವ ವ್ಯಾನು? ನಾನು ಫೋನು ಮಾಡಿದ್ದು ಸಾಹೇಬರಿಗೆ. ವಿಷಯ ಹೇಳ್ದೆ. ‘ಅವನು ನಮ್ಮವನು, ನಾಳೆ ಮನೆಗೆ ಕರ್ಕೊಂಡು ಬಾ’ ಅಂದ್ರು.” ಏಜೆಂಟು ಅವನ ಹೆಗಲ ಮೇಲೆ ಕೈ ಇಟ್ಟ. “ಇನ್ನು ಸ್ವಲ್ಪ ಹೊತ್ತು. ತಿರುಗಿಸ್ತಾ ಇರು, ತೆಗೀಬೇಡ.”

ಅದೇ ಗಳಿಗೆಯಲ್ಲಿ ಅವನ ಬೆರಳ ತುದಿಯಲ್ಲಿ ಏಳನೆಯದು ಎದ್ದಿತು. ಟಿಕ್ ಎಂದು ಸಣ್ಣ ಸದ್ದು. ಬೀದಿಯಲ್ಲಿ ಯಾರಿಗೂ ಕೇಳಿಸಲಿಲ್ಲ. ಒಮ್ಮೆ ಎಳೆದರೆ ಸಾಕು, ಬೀಗ ಬಾಯಿಬಿಡುತ್ತಿತ್ತು.

ಬೀಗಣ್ಣ ಎಳೆಯಲಿಲ್ಲ. ಹೆಗಲ ಮೇಲಿನ ಕೈ ಭಾರವಾಗಿ, ಬೆಚ್ಚಗೆ ಇತ್ತು.

“ತೆಗೀತಲ್ರೀ,” ಎಂದಳು ಒಳಗಿನಿಂದ. ದಿನಾ ಸಂಜೆ ಅವನು ಮನೆಗೆ ತಂದ ಬೀಗಗಳ ಪಕ್ಕದಲ್ಲಿ ಕಾಲು ನೆನೆಸಿಕೊಂಡು ಕೂತವಳು ಅವಳು. ಆ ಸದ್ದು ಅವಳಿಗೆ ಅಡುಗೆಯ ಸದ್ದಿನಷ್ಟೇ ಪರಿಚಯ. ಬಾಗಿಲ ಆ ಕಡೆ ಬಟ್ಟೆ ಸರಸರವೆಂದಿತು. ಅವಳು ಎದ್ದು ನಿಂತಿದ್ದಳು.

“ಇನ್ನೂ ಇಲ್ಲ,” ಎಂದ ಬೀಗಣ್ಣ.

“ನಂಗೆ ಕೇಳಿಸ್ತು.”

“ಅದು ಆರನೇದು.”

ಅವನು ಕೊಕ್ಕೆಯನ್ನು ಸುಮ್ಮಸುಮ್ಮನೆ ಆಡಿಸುತ್ತ, ಹುಬ್ಬು ಗಂಟಿಕ್ಕಿ, ಬೆವರು ಒರೆಸಿಕೊಳ್ಳುತ್ತ ಬಲು ಕಷ್ಟಪಟ್ಟ. ಅವನ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ನಟಿಸಿದ್ದು ಬೇರೆ ಇಲ್ಲ, ಇಷ್ಟು ಜನ ನೋಡಿದ್ದೂ ಇಲ್ಲ. ಮೇಷ್ಟ್ರು, “ಎಂಥ ಶ್ರದ್ಧೆ, ಕಾಯಿಲೆ ಇದ್ದರೂ,” ಎಂದು ಪಕ್ಕದವರಿಗೆ ತೋರಿಸಿದರು. ಇಸ್ತ್ರಿಯವಳು ಪೇದೆಯ ಕೈ ಹಿಡಿದು ಹಿಡಿದು ಗಡಿಯಾರ ನೋಡುತ್ತಿದ್ದಳು. ಒಳಗಿದ್ದವಳು ಬಾಗಿಲು ಬಡಿಯಲಿಲ್ಲ, ಕೂಗಲಿಲ್ಲ. ಕೊನೆಗೆ ಶಾಲೆಯ ಕಡೆಯಿಂದ ಗಂಟೆ ಕೇಳಿಸಿತು. ಮತದಾನ ಮುಗಿದಿತ್ತು. ಇಸ್ತ್ರಿಯವಳು ಚಪ್ಪಲಿಯನ್ನು ನೆಲಕ್ಕೆ ಹಾಕಿ ಕಾಲು ತೂರಿಸಿದಳು.

ಬೀಗಣ್ಣ ಎಳೆದ. ಬೀಗ ಬಾಯಿಬಿಟ್ಟಿತು.

ಬೀದಿ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಏಜೆಂಟು. ಕೀಲಿಯಿಲ್ಲದೆ ಆ ಬೀಗವನ್ನು ತೆಗೆದ ಗುರು ಅಂತೂ ಸಿಕ್ಕಿದ್ದ. ಬಾಗಿಲು ಒಳಕ್ಕೆ ಸರಿಯಿತು. ಅವಳು ಹೊಸಿಲ ಒಳಗೆ ನಿಂತಿದ್ದಳು. ಕೂದಲು ಒಣಗಿತ್ತು. ಗುರುತಿನ ಚೀಟಿಯನ್ನು ಎತ್ತಿ ಎಲ್ಲೋ ಇಟ್ಟಿರಬೇಕು, ಕೈ ಖಾಲಿಯಾಗಿತ್ತು.

“ಪಾಪ, ಸ್ವಲ್ಪದ್ರಲ್ಲಿ ತಪ್ಪಿತು,” ಎಂದರು ಮೇಷ್ಟ್ರು. “ಹೋಗ್ಲಿ, ಐದು ವರ್ಷಕ್ಕೆ ಮತ್ತೆ ಬರುತ್ತೆ.”

ನಾಟಕ ಮುಗಿದಂತೆ ಜನ ಕರಗತೊಡಗಿದರು. ಉಳಿದವರು ಅಕ್ಕ, ಮೇಷ್ಟ್ರು, ಇಸ್ತ್ರಿಯವಳು ಮತ್ತು ಪೇದೆ. ಪೇದೆ ಟೋಪಿ ಸರಿಮಾಡಿಕೊಂಡು ಮುಂದೆ ಬಂದ. ಬೆಳಗಿನಿಂದ ನಿಂತು ಅವನ ಕಾಲುಗಳು ಸೋತಿದ್ದವು.

“ನೋಡಮ್ಮ, ನರ್ಸಮ್ಮನ ಕಡೆಯವರ ದೂರು ಇದೆ, ನಾನು ಚುನಾವಣಾಧಿಕಾರಿಗಳಿಗೆ ಒಂದು ಮಾತು ಹೇಳ್ಬೇಕು. ಮರೆತು ಹಾಕಿದ್ದು ಅಂತ ನೀವಂದ್ರೆ ನಾನೂ ಮನೆಗೆ ಹೋಗ್ತೀನಿ, ನೀವೂ ಊಟ ಮಾಡಿ ಮಲಗಿ. ಬೇಕಂತ ಅಂದ್ರೆ ಇವರನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ಬೇಕಾಗುತ್ತೆ. ಆಗ್ಲೇ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ಸಲ ಹೇಳ್ಬಿಡಿ.”

“ಹೇಳ್ತಾಳೆ, ಹೇಳ್ತಾಳೆ,” ಎಂದಳು ಅಕ್ಕ. “ಹೇಳಮ್ಮ.”

ಮೇಷ್ಟ್ರು ಕೆಮ್ಮಿದರು. “ಸಂಸಾರ ಅಂದ್ಮೇಲೆ ಹೊಂದಿಕೊಂಡು ಹೋಗ್ಬೇಕಮ್ಮ. ರಾಜಕೀಯ ಇವತ್ತಿರುತ್ತೆ, ನಾಳೆ ಹೋಗುತ್ತೆ.”

ಇಸ್ತ್ರಿಯವಳು ಬೀಗಣ್ಣನ ಮುಖವನ್ನೇ ನೋಡುತ್ತಿದ್ದಳು.

ಬೀಗಣ್ಣ ಬೀಗವನ್ನು ಎದೆಗವಚಿಕೊಂಡು ನಿಂತಿದ್ದ. ಎಲ್ಲಿ ಇಡುವುದೆಂದು ಅವನಿಗೆ ತಿಳಿಯಲಿಲ್ಲ. ಬೆರಳ ಮೇಲಿನ ಶಾಯಿಗೆ ಎಣ್ಣೆ ತಾಗಿ ಮಸಿಯಾಗಿತ್ತು. ಗೋಡೆಯನ್ನಲ್ಲದೆ ಅವಳನ್ನೇ ನೋಡಿ, “ಹೇಳೇ,” ಎಂದ. ಒಂದು ಹೆಜ್ಜೆ ಮುಂದಿಟ್ಟು ಮತ್ತೆ, “ಹೇಳ್ಬಿಡೇ,” ಎಂದ.

“ಏಳನೇದು ಯಾವಾಗ ಎದ್ದಿದ್ದು?” ಎಂದು ಕೇಳಿದಳು.

ಅಕ್ಕನಿಗೆ, ಮೇಷ್ಟ್ರಿಗೆ, ಪೇದೆಗೆ ಅದು ಅರ್ಥವಾಗಲಿಲ್ಲ. ಬೀಗಣ್ಣ ಬೀಗದ ಮೈಯನ್ನು ಅಂಗಿಯ ತುದಿಯಿಂದ ಒರೆಸತೊಡಗಿದ. ಅವಳು ಸ್ವಲ್ಪ ಹೊತ್ತು ಕಾದಳು, ಅವನು ಈಗಲಾದರೂ ಬಾಯಿಬಿಡಬಹುದೆಂದು. ಆಮೇಲೆ ಕಣ್ಣು ಒರೆಸಿಕೊಂಡಳು.

“ಏನೇನೋ ಕೇಳ್ಬೇಡ,” ಎಂದಳು ಅಕ್ಕ, ಅವಳ ತೋಳು ಹಿಡಿದು ಅಲುಗಿಸಿ. “ನಿನ್ನ ಗಂಡನ ಮಾನದ ಪ್ರಶ್ನೆ. ಮರೆತು ಹಾಕಿದ್ರು ಅನ್ನು. ಒಂದೇ ಮಾತು. ಹೇಳು.”

“ಹೇಳಲ್ಲ,” ಎಂದಳು.